ಆ ರಾತ್ರಿ ಫೀಲ್ಡ್ ಗೋಲ್ ಹೊಡೆಸಬೇಕಿತ್ತಲ್ಲವೇ?

ನಾನು ಡೆಟ್ರಾಯಿಟ್ ಲಯನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಅಭಿಮಾನಿ ಎಂದು ಗೊತ್ತಾದರೆ ಸಾಕು, ಜನ ಇದೇ ಪ್ರಶ್ನೆ ಕೇಳುತ್ತಾರೆ. 2024ರ ಜನವರಿ 28ರಂದು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಎದುರು ನಮ್ಮ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಎರಡು ಸಲ ಫೀಲ್ಡ್ ಗೋಲ್ ಬೇಡವೆಂದರು. ತಂಡ ಸೋತದ್ದು ಮೂರೇ ಪಾಯಿಂಟ್‌ನಿಂದ. ಹಾಗಾದರೆ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಕೈತಪ್ಪಿದ್ದು ಅವರಿಂದಲೇ ಅಲ್ಲವೇ? ಅಲ್ಲ ಎನ್ನುತ್ತೇನೆ ನಾನು. ಯಾಕೆ ಅಂತ ಹೇಳಬೇಕಾದರೆ 2023ರ ಇಡೀ ಸೀಸನ್ ನೋಡಬೇಕು.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. 10 ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶ, ಅಂದರೆ ನಾಲ್ಕು ಡೌನ್. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಕೊಡುತ್ತಾರೆ. ಗೋಲ್ ಕಂಬ ಹತ್ತಿರವಿದ್ದರೆ ಮೂರು ಪಾಯಿಂಟ್‌ನ ಫೀಲ್ಡ್ ಗೋಲ್‌ಗೆ ಯತ್ನಿಸುತ್ತಾರೆ. ಒದೆಯದೆ ಆಡಿ ಬೇಕಾದಷ್ಟು ಗಜ ಸಿಗದಿದ್ದರೆ ಚೆಂಡು ಅಲ್ಲೇ ಎದುರಾಳಿಯ ಪಾಲು.

ಡೆಟ್ರಾಯಿಟ್ ಕೊನೆಯದಾಗಿ ಚಾಂಪಿಯನ್ ಆದದ್ದು 1957ರಲ್ಲಿ. 2008ರಲ್ಲಿ 16 ಪಂದ್ಯ ಆಡಿ 16ನ್ನೂ ಸೋತಿತು. 1992ರ ಜನವರಿಯ ನಂತರ ಪ್ಲೇಆಫ್‌ನಲ್ಲಿ ಒಂದೂ ಗೆಲುವಿರಲಿಲ್ಲ. 2021ರಲ್ಲಿ ಕ್ಯಾಂಪ್‌ಬೆಲ್ ಬಂದರು, ಮೊದಲ ವರ್ಷ ಗೆದ್ದದ್ದು ಮೂರೇ ಪಂದ್ಯ. ಆ ವರ್ಷವೇ ಊರಿನ ಅಚ್ಚುಮೆಚ್ಚಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಮ್ಯಾಥ್ಯೂ ಸ್ಟ್ಯಾಫರ್ಡ್ ಲಾಸ್ ಏಂಜಲೀಸ್ ರ್‍ಯಾಮ್ಸ್ ಪಾಲಾದರು. ಬದಲಿಗೆ ಆ ತಂಡ ಬೇಡವೆಂದ ಜೇರೆಡ್ ಗಾಫ್ ಇಲ್ಲಿಗೆ ಬಂದರು.

2023ರ ಸೆಪ್ಟೆಂಬರ್ 7ರಂದು ಹಿಂದಿನ ವರ್ಷದ ಚಾಂಪಿಯನ್ ಕನ್ಸಾಸ್ ಸಿಟಿ ಚೀಫ್ಸ್ ಎದುರು, ಅವರದೇ ಮೈದಾನದಲ್ಲಿ ಸೀಸನ್ ಶುರುವಾಯಿತು. ಪಂದ್ಯ ಆರಂಭವಾಗಿ ಸ್ವಲ್ಪ ಹೊತ್ತಷ್ಟೇ. ನಾಲ್ಕನೇ ಡೌನ್, ಬೇಕಿದ್ದದ್ದು ಎರಡು ಗಜ, ನಿಂತಿದ್ದದ್ದು ತಮ್ಮದೇ 17ನೇ ಗಜದ ಗೆರೆಯಲ್ಲಿ. ಯಾವ ಕೋಚ್ ಆದರೂ ಅಲ್ಲಿಂದ ಒದೆಸುತ್ತಾರೆ. ಕ್ಯಾಂಪ್‌ಬೆಲ್ ಒದೆಯುವಂತೆ ನಟಿಸಿ ಓಡಿಸಿದರು. ಆ ದಾಳಿ ಟಚ್‌ಡೌನ್‌ನಲ್ಲಿ (ಚೆಂಡನ್ನು ಗೋಲ್ ಗೆರೆ ದಾಟಿಸಿ ಆರು ಪಾಯಿಂಟ್) ಮುಗಿಯಿತು, ಪಂದ್ಯ 21-20ರಲ್ಲಿ ನಮ್ಮದಾಯಿತು.

ಪ್ರಶ್ನೆ ಕೇಳುವವರಿಗೆ ನಾನು ಮುಖ್ಯವಾಗಿ ನೆನಪಿಸುವುದು ನವೆಂಬರ್ 12ರ ಪಂದ್ಯವನ್ನು. ಲಾಸ್ ಏಂಜಲೀಸ್ ಚಾರ್ಜರ್ಸ್ ಎದುರು 38-38 ಸಮ, ಎರಡು ನಿಮಿಷವೂ ಉಳಿದಿಲ್ಲ, ಎದುರಾಳಿಯ 26ನೇ ಗಜದಲ್ಲಿ ನಾಲ್ಕನೇ ಡೌನ್, ಬೇಕು ಎರಡು ಗಜ. ಫೀಲ್ಡ್ ಗೋಲ್ ಹೊಡೆದರೆ ಮುನ್ನಡೆ ಸಿಗುತ್ತದೆ, ಆದರೆ ಎದುರಾಳಿಗೆ ತಿರುಗಿ ಹೊಡೆಯಲು ಸಮಯವೂ ಉಳಿಯುತ್ತದೆ. ಕ್ಯಾಂಪ್‌ಬೆಲ್ ಆಡಿಸಿದರು. ಗಾಫ್ ಎಸೆದ ಚೆಂಡನ್ನು ಹೊಸಬ ಸ್ಯಾಮ್ ಲಾಪೋರ್ಟಾ ಹಿಡಿದರು. ಗಡಿಯಾರ ಕರಗಿತು, ಕೊನೆಯ ಒದೆತದಲ್ಲಿ 41-38ರ ಗೆಲುವು. ಅಂದು ಆ ನಿರ್ಧಾರವನ್ನು ಧೈರ್ಯ ಎಂದು ಕೊಂಡಾಡಿದವರೇ ಜನವರಿಯಲ್ಲಿ ಅದನ್ನು ಹುಚ್ಚು ಎಂದರು.

ಪ್ರತಿ ಸಲವೂ ಫಲಿಸಿತು ಎಂದಲ್ಲ. ಥ್ಯಾಂಕ್ಸ್‌ಗಿವಿಂಗ್ ದಿನ ಗ್ರೀನ್ ಬೇ ಎದುರು ಒದೆಯುವಂತೆ ನಟಿಸುವ ಅದೇ ತಂತ್ರ ಕೈಕೊಟ್ಟು ತಂಡ ಸೋತಿತು. ಆದರೂ ಡಿಸೆಂಬರ್ 24ರಂದು ಮಿನ್ನೆಸೋಟಾದಲ್ಲಿ ಗೆದ್ದು, 1993ರ ನಂತರ ಮೊದಲ ಬಾರಿಗೆ ವಿಭಾಗದ ಪ್ರಶಸ್ತಿ ಪಡೆದರು. ಜನವರಿ 14ರಂದು ಪ್ಲೇಆಫ್ ಪಂದ್ಯಕ್ಕೆ ನಮ್ಮ ಮೈದಾನ ಫೋರ್ಡ್ ಫೀಲ್ಡ್‌ಗೆ ಬಂದದ್ದು ಅದೇ ಸ್ಟ್ಯಾಫರ್ಡ್ ಇದ್ದ ರ್‍ಯಾಮ್ಸ್. ಒಂದು ಪಾಯಿಂಟ್ ಮುಂದಿದ್ದಾಗಲೂ ಚೆಂಡು ಬಚ್ಚಿಟ್ಟುಕೊಂಡು ಓಡದೆ ಗಾಫ್ ಎಸೆದರು, ಅಮನ್-ರಾ ಸೇಂಟ್ ಬ್ರೌನ್ ಹಿಡಿದರು, 24-23. ಮೂವತ್ತೆರಡು ವರ್ಷದ ಕಾಯುವಿಕೆ ಮುಗಿದಾಗ ಇಡೀ ಕ್ರೀಡಾಂಗಣ ಗಾಫ್ ಹೆಸರು ಕೂಗುತ್ತಿತ್ತು. ಆ ಕೂಗು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಜನವರಿ 28, ಗೆದ್ದರೆ ಸೂಪರ್ ಬೌಲ್. ಅರ್ಧ ಆಟಕ್ಕೆ ಡೆಟ್ರಾಯಿಟ್ 24-7 ಮುಂದೆ. ಮರೆಯಬೇಡಿ, ಆ ಅರ್ಧದ ಕೊನೆಯಲ್ಲಿ ಕ್ಯಾಂಪ್‌ಬೆಲ್ 21 ಗಜದ ಫೀಲ್ಡ್ ಗೋಲ್ ಹೊಡೆಸಿಯೇ ಹೊಡೆಸಿದರು. ಕಣ್ಣುಮುಚ್ಚಿ ನುಗ್ಗುವವರಲ್ಲ ಅವರು. ಮೂರನೇ ಕ್ವಾರ್ಟರ್‌ನಲ್ಲಿ 24-10 ಇದ್ದಾಗ, ಎದುರಾಳಿಯ 28ನೇ ಗಜದಲ್ಲಿ ಎರಡು ಗಜ ಬೇಕಿತ್ತು. ಒದೆಸಿದ್ದರೆ ಅದು ಸುಮಾರು 46 ಗಜದ್ದು. ಕಿಕ್ಕರ್ ಮೈಕಲ್ ಬ್ಯಾಡ್ಜ್ಲಿ ಡಿಸೆಂಬರ್‌ನಲ್ಲಷ್ಟೇ ಆ ಜಾಗಕ್ಕೆ ಬಂದವರು. ಅಲ್ಲಿಂದ ಮೂರು ಪಾಯಿಂಟ್ ಖಾತರಿ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಕ್ಯಾಂಪ್‌ಬೆಲ್ ಆಡಿಸಿದರು, ಗಾಫ್ ಎಸೆತ ಸರಿಯಾಗಿಯೇ ಬಂತು, ಜೋಶ್ ರೆನಾಲ್ಡ್ಸ್ ಕೈಯಿಂದ ಜಾರಿತು. ಯೋಜನೆ ಕೆಲಸ ಮಾಡಿತ್ತು, ಚೆಂಡು ನಿಲ್ಲಲಿಲ್ಲ ಅಷ್ಟೇ. ಆಮೇಲೆ ನಮ್ಮ ರಕ್ಷಕನ ಹೆಲ್ಮೆಟ್‌ಗೆ ಬಡಿದು ಪುಟಿದ ಚೆಂಡನ್ನು ಎದುರಾಳಿಯ ಬ್ರ್ಯಾಂಡನ್ ಅಯೂಕ್ ಹಿಡಿದು 51 ಗಜ ಗಳಿಸಿದರು. ಅದರ ಬೆನ್ನಿಗೇ ನಮ್ಮ ಜಮೀರ್ ಗಿಬ್ಸ್ ಓಡುವಾಗ ಚೆಂಡು ಕಳೆದುಕೊಂಡರು. ಇದರಲ್ಲಿ ಯಾವುದನ್ನು ಕೋಚ್ ತಲೆಗೆ ಕಟ್ಟುತ್ತೀರಿ? ಕೊನೆಯ ಕ್ವಾರ್ಟರ್‌ನ ಎರಡನೇ ಪ್ರಯತ್ನ, 30ನೇ ಗಜದಿಂದ ಮೂರು ಗಜಕ್ಕಾಗಿ ಆಡಿದ್ದು, ಚರ್ಚೆಗೆ ಹೆಚ್ಚು ತಕ್ಕದ್ದು ಎಂದು ಒಪ್ಪುತ್ತೇನೆ. ಆಗ 27-24 ಹಿಂದಿದ್ದರು, ಒದೆತ ಯಶಸ್ವಿಯಾಗಿದ್ದರೆ ಸಮ ಆಗುತ್ತಿತ್ತು. ಆದರೂ ನಾನು ಆಡಿಸುತ್ತಿದ್ದೆ. ಪಂದ್ಯದ ನಂತರ ಕ್ಯಾಂಪ್‌ಬೆಲ್ ಕೂಡ ಆ ನಿರ್ಧಾರಗಳ ಬಗ್ಗೆ ಪಶ್ಚಾತ್ತಾಪವಿಲ್ಲ ಎಂದೇ ಹೇಳಿದರು.

ದೂರಲೇಬೇಕೆಂದರೆ ಬೇರೆ ಕಡೆ ದೂರಿ. 34-24 ಹಿಂದಿದ್ದು, ಸುಮಾರು ಒಂದು ನಿಮಿಷ ಉಳಿದಿರುವಾಗ, ಗೋಲ್ ಗೆರೆಯ ಬಳಿ ಮೂರನೇ ಡೌನ್‌ನಲ್ಲಿ ಡೇವಿಡ್ ಮಾಂಟ್ಗೊಮರಿಯನ್ನು ಓಡಿಸಿದರು. ಓಟ ತಡೆಯಲ್ಪಟ್ಟು ಒಂದು ಟೈಮ್‌ಔಟ್ (ಗಡಿಯಾರ ನಿಲ್ಲಿಸಲು ಇರುವ ಸೀಮಿತ ಅವಕಾಶ) ಹೋಯಿತು. ಮರುಕ್ಷಣ ಟಚ್‌ಡೌನ್ ಬಂದು 34-31 ಆಯಿತು. ಆ ಟೈಮ್‌ಔಟ್ ಕೈಯಲ್ಲಿದ್ದಿದ್ದರೆ ಚೆಂಡನ್ನು ದೂರ ಒದ್ದು, ಎದುರಾಳಿಯನ್ನು ಮೂರು ಡೌನ್‌ನಲ್ಲಿ ತಡೆದು, ಇನ್ನೊಂದು ದಾಳಿಗೆ ಸಮಯ ಉಳಿಸಿಕೊಳ್ಳಬಹುದಿತ್ತು. ಅಲ್ಲಿ ಎಸೆಯಬೇಕಿತ್ತು.