ಬಾಳೆ ಕಡಿದ ಫೋಟೋ

ಮುಂಬೈಯ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಇಂದು ಮದುವೆಯ ಆಧಾರದ ವೀಸಾಕ್ಕಾಗಿ ನನ್ನ ಸಂದರ್ಶನ ಮುಗಿಯಿತು.

ಬಲಗೈ ಎತ್ತಿ ಪ್ರಮಾಣ ಮಾಡಿದ ಮೇಲೆ, ಕಿಟಕಿಯ ಆಚೆಗಿದ್ದ ಅಧಿಕಾರಿ ಮದುವೆ ನೋಂದಣಿ ಪತ್ರವನ್ನೂ ಪೊಲೀಸ್ ಪ್ರಮಾಣಪತ್ರವನ್ನೂ ಬೇಗಬೇಗನೆ ತಿರುವಿಹಾಕಿದರು. ವಿರಾಜಪೇಟೆಯಿಂದ ಮಗುವಿನಂತೆ ಎತ್ತಿಕೊಂಡು ಬಂದ ಆ ಫೈಲಿಗೆ ಅಷ್ಟೇ ಮರ್ಯಾದೆಯೇ ಎಂದುಕೊಳ್ಳುವಷ್ಟರಲ್ಲಿ, ಅವರ ಕೈ ಒಂದು ಫೋಟೋದ ಮೇಲೆ ನಿಂತಿತು. ನಮ್ಮ ಮದುವೆಯ ಶಾಸ್ತ್ರವಾಗಿ, ನೆಟ್ಟ ಬಾಳೆಯ ದಿಂಡನ್ನು ನಮ್ಮ ಸೋದರಮಾವ ಕೊಡವರ ಒಡಿಕತ್ತಿಯಿಂದ ಒಂದೇ ಏಟಿಗೆ ಕಡಿಯುತ್ತಿರುವ ಫೋಟೋ ಅದು. ಮೇಲಿನ ತುಂಡು ಇನ್ನೂ ನೆಲ ಮುಟ್ಟಿರಲಿಲ್ಲ.

“ಪುರೋಹಿತರು ಎಲ್ಲಿದ್ದಾರೆ?” ಎಂದು ಕೇಳಿದರು.

ಕೊಡವರ ಮದುವೆಯಲ್ಲಿ ಪುರೋಹಿತರೂ ಇಲ್ಲ, ಹೋಮವೂ ಇಲ್ಲ, ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹರಸುತ್ತಾರೆ ಎಂದು ವಿವರಿಸಿದೆ. ಸೀರೆಯ ನೆರಿಗೆ ಹಿಂದಕ್ಕೇಕೆ ಎಂದು ಕೇಳಿದಾಗ ಮಾತ್ರ ತಡವರಿಸಿದೆ, ಏಕೆಂದರೆ ಹುಟ್ಟಿದಾಗಿನಿಂದ ಕಂಡದ್ದಕ್ಕೆ ಕಾರಣ ಹುಡುಕುವ ಅಗತ್ಯ ನನಗೆ ಎಂದೂ ಬಿದ್ದಿರಲಿಲ್ಲ. ಗಂಡನ ಸಂಬಳ, ವಿಳಾಸಗಳನ್ನು ರಾತ್ರಿಯಿಡೀ ಬಾಯಿಪಾಠ ಮಾಡಿದ್ದೆ. ಅವನ್ನು ಯಾರೂ ಕೇಳಲಿಲ್ಲ.

ವೀಸಾ ಮಂಜೂರಾಯಿತು. ಒಳಗೆ ಮೊಬೈಲ್ ಒಯ್ಯುವಂತಿಲ್ಲವಾದ್ದರಿಂದ ಹೊರಗೆ ಬಂದ ಮೇಲೆಯೇ ಅವ್ವನಿಗೆ ಫೋನ್ ಮಾಡಿದೆ. “ಊಟ ಮಾಡಿದೆಯಾ?” ಎಂದರು, ವೀಸಾದ ಮಾತು ಆಮೇಲೆ ಬಂತು.

ಮದುವೆಯಾಗಿ ಇನ್ನೂ 2 ವರ್ಷ ತುಂಬದ ಕಾರಣ ನನಗೆ ಸಿಗುವುದು 2 ವರ್ಷದ ಷರತ್ತಿನ ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ನೆಲೆಸುವ ಪರವಾನಗಿ. ಅದು ಮುಗಿಯುವ ಮುನ್ನ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಿ, ಮದುವೆ ನಿಜವೆಂದು ತೋರಿಸಬೇಕು. ಆ ಫೋಟೋವನ್ನು ಆಲ್ಬಮ್ಮಿಗೆ ಮರಳಿಸದೆ ಫೈಲಿನಲ್ಲೇ ಉಳಿಸಿದ್ದೇನೆ.