12 ರಿಬ್, 12 ಸೈಜು

ಮೊದಲ್ನೇ ಸಲ ಮರದ ವಿಮಾನದ ಮಾಡೆಲ್ ಮಾಡೋಕೆ ಕೂತಾಗ ರೆಕ್ಕೆಗೆ 12 ರಿಬ್ (ರೆಕ್ಕೆಗೆ ಆಕಾರ ಕೊಡೋ ಅಡ್ಡಪಟ್ಟಿ) ಬೇಕಿತ್ತು, ಎಲ್ಲಾ ಒಂದೇ ಆಕಾರ, ನಾನು ಒಂದೊಂದನ್ನೂ ಸ್ಕೇಲಿಟ್ಟು ಅಳೆದು ಪೆನ್ಸಿಲಲ್ಲಿ ಗೀಟೆಳೆದು ಬಾಲ್ಸಾ ಅನ್ನೋ ಹಗುರ ಮೆತ್ತನೆ ಮರದ ಶೀಟಿಂದ ಕೊಯ್ದು ಸಾಲಾಗಿ ಜೋಡಿಸಿಟ್ಟೆ. ನೋಡಿದ್ರೆ ಅಣ್ಣತಮ್ಮಂದಿರ ಥರ ಇದ್ವು, ಅವಳಿಜವಳಿ ಥರ ಅಲ್ಲ. ಇರ್ಲಿ ಬಿಡು, ಅಂಟು ಹಾಕಿದ್ಮೇಲೆ ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಮೇಲೆ ತೆಳು ಟಿಶ್ಯೂ ಕಾಗದ ಎಳೆದು ಅಂಟಿಸಿದ ತಕ್ಷಣ ಎಲ್ಲರಿಗೂ ಗೊತ್ತಾಯ್ತು, ರೆಕ್ಕೆ ಮೇಲೆ ಉಬ್ಬು ತಗ್ಗು ಉಬ್ಬು ತಗ್ಗು.

ಆಮೇಲೆ ಹೊಳೆದಿದ್ದು ಏನಂದ್ರೆ ನಾನು ಅಳೆದಿದ್ದು ಕಮ್ಮಿಯಾಗಿರ್ಲಿಲ್ಲ, ಜಾಸ್ತಿಯಾಗಿತ್ತು. 0.5 ಎಂಎಂ ಪೆನ್ಸಿಲ್ ಗೀಟಿಗೇ ಒಂದು ದಪ್ಪ ಇರುತ್ತೆ, ಚಾಕು ಒಂದ್ಸಲ ಅದರ ಒಳಗಡೆ ಹೋಗುತ್ತೆ, ಇನ್ನೊಂದ್ಸಲ ಹೊರಗಡೆ. ಪ್ರತಿ ಸಲ ಹೊಸದಾಗಿ ಅಳೆದ್ರೆ ಪ್ರತಿ ಸಲ ಹೊಸ ತಪ್ಪು.

ಈಗ ಒಂದೇ ಉದ್ದದ ಕಡ್ಡಿ ಬೇಕಂದ್ರೆ ಒಂದ್ಸಲ ಮಾತ್ರ ಅಳೀತೀನಿ. ಮೈಟರ್ ಬಾಕ್ಸಲ್ಲಿ (ಗರಗಸ ನೇರ ಓಡೋಕೆ ಸೀಳಿರೋ ಪೆಟ್ಟಿಗೆ) ಆ ದೂರಕ್ಕೆ ಒಂದು ಮರದ ತುಂಡು ಅಡ್ಡ ಅಂಟಿಸಿ, ಕಡ್ಡಿ ತುದಿ ಅದಕ್ಕೆ ತಾಗಿಸಿ ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ಯೋದಷ್ಟೇ, ಇಪ್ಪತ್ತು ಕೊಯ್ದ್ರೂ ಇಪ್ಪತ್ತೂ ಒಂದೇ. ಒಂದೇ ಎಚ್ಚರ, ಅಡ್ಡ ತುಂಡಿನ ಹತ್ರ ಪುಡಿ ಕೂತ್ರೆ ಅಷ್ಟು ಗಿಡ್ಡ ಆಗುತ್ತೆ, ಊದ್ತಾ ಇರ್ಬೇಕು.

ರಿಬ್‌ಗೆ ಬೇರೆ ದಾರಿ. ಪ್ಲೈವುಡ್ಡಲ್ಲಿ ಎರಡು ಅಚ್ಚು ಮಾಡ್ಕೊಂಡು (ಇದಕ್ಕೆ ಮಾತ್ರ ಎಷ್ಟು ಟೈಮ್ ಬೇಕಾದ್ರೂ ಕೊಡಿ, ನಾನು ಒಂದಿಡೀ ಸಂಜೆ ಕೊಟ್ಟೆ) ಮಧ್ಯದಲ್ಲಿ 12 ಬಾಲ್ಸಾ ತುಂಡು, ಸ್ವಲ್ಪ ದೊಡ್ಡದಾಗೇ ಕೊಯ್ದಿದ್ದು, ಜೋಡಿಸಿ ಎರಡು ಬೋಲ್ಟ್ ಹಾಕಿ ಬಿಗಿ ಮಾಡ್ತೀನಿ. ಆಮೇಲೆ ಚಪ್ಪಟೆ ಮರದ ತುಂಡಿಗೆ 120 ನಂಬರ್ ಸ್ಯಾಂಡ್ ಪೇಪರ್ ಅಂಟಿಸ್ಕೊಂಡು ಉಜ್ಜೋದು, ಪ್ಲೈ ತಾಗೋಕೆ ಶುರುವಾದಾಗ ಸದ್ದೇ ಬದಲಾಗುತ್ತೆ, ಬಾಲ್ಸಾ ಮೆತ್ತಗೆ ಸರಸರ ಅನ್ನೋದು ಪ್ಲೈ ಹತ್ರ ಗರಗರ ಅನ್ನುತ್ತೆ, ಅಲ್ಲಿಗೆ ನಿಲ್ಸಿ ಇನ್ನೂ ನುಣುಪಾದ 240 ನಂಬರ್ ಪೇಪರಿಗೆ ಬರ್ಬೇಕು. ರೆಕ್ಕೆ ಉದ್ದಕ್ಕೆ ಹೋಗೋ ಸ್ಪಾರ್ ಕಡ್ಡಿ ಕೂರೋಕೆ ಬೇಕಾದ ಕಚ್ಚನ್ನೂ ಈ ಕಟ್ಟಲ್ಲೇ ಒಟ್ಟಿಗೆ ಕೊಯ್ತೀನಿ, ಬೇಕಿದ್ದಕ್ಕಿಂತ ಕೂದಲೆಳೆ ಕಿರಿದಾಗಿ, ಆಮೇಲೆ ಸ್ಪಾರ್ ಕಡ್ಡೀನೇ ಹಿಡಿದು ಕೂರಿಸಿ ನೋಡ್ತಾ ಉಜ್ಜೋದು. ಅಲ್ಲೂ ಸ್ಕೇಲ್ ಬೇಡ.

ಚಾಕು ವಿಷಯದಲ್ಲಿ ನಂಗೆ ಬುದ್ಧಿ ಬಂದಿದ್ದು ತುಂಬಾ ಲೇಟಾಗಿ. ಒಂದೇ ಏಟಿಗೆ ಒತ್ತಿ ಕೊಯ್ದ್ರೆ ಬ್ಲೇಡು ನಮ್ಮ ಮಾತು ಕೇಳಲ್ಲ, ಮರದ ಎಳೆ ಮಾತು ಕೇಳುತ್ತೆ, ಎಳೆ ಎತ್ತ ವಾಲಿದ್ಯೋ ಅತ್ತ ಜಾರುತ್ತೆ. ಮೊದಲ್ನೇ ಗೆರೆ ಬರೀ ಗೀರಿದ ಹಾಗಿರ್ಬೇಕು, ಆಮೇಲಿನ ನಾಲ್ಕೈದು ಸಲ ಬ್ಲೇಡು ಆ ಗೀರಲ್ಲೇ ಓಡುತ್ತೆ. ಸ್ಟೀಲ್ ಸ್ಕೇಲನ್ನ ಯಾವಾಗ್ಲೂ ನಮಗೆ ಬೇಕಾದ ಭಾಗದ ಮೇಲೇ ಇಡ್ಬೇಕು, ಜಾರಿದ್ರೂ ಬಿಸಾಕೋ ಕಡೆಗೆ ಜಾರ್ಲಿ. ತುದಿ ಮುರಿದ ಬ್ಲೇಡನ್ನ ಇನ್ನೊಂದು ತುಂಡಿಗಾಗುತ್ತೆ ಅಂತ ಉಳಿಸೋದು ನನ್ನ ದೊಡ್ಡ ಚಟ, ಅದು ಬಾಲ್ಸಾನ ಕೊಯ್ಯಲ್ಲ, ಜಜ್ಜುತ್ತೆ.

ಪ್ಲಾನ್ ಪ್ರಿಂಟ್ ಹಾಕಿ ಮರಕ್ಕೆ ಅಂಟಿಸೋರು ಮೊದಲು ಸ್ಕೇಲಿಟ್ಟು ನೋಡ್ಕೊಳ್ಳಿ, ನಂದು 100 ಎಂಎಂ ಗೆರೆ 97 ಬಂದಿತ್ತು, ಪ್ರಿಂಟರು ತಾನೇ ಪೇಜಿಗೆ ಹೊಂದಿಸಿಬಿಟ್ಟಿತ್ತು. ನೀರು ನೀರಾದ ಗೋಂದು ಬೇಡ, ಕಾಗದ ಹಿಗ್ಗುತ್ತೆ, ಗ್ಲೂ ಸ್ಟಿಕ್ ಸಾಕು.

ಈಗ ತುದಿಗೆ ಹೋಗ್ತಾ ಸಣ್ಣದಾಗೋ ರೆಕ್ಕೆ ಹಿಡ್ಕೊಂಡಿದೀನಿ. ಒಂದು ಕಡೆ ದೊಡ್ಡ ಅಚ್ಚು, ಇನ್ನೊಂದು ಕಡೆ ಚಿಕ್ಕದು, ಉಜ್ಜಿದ್ರೆ ಪ್ರತಿ ರಿಬ್ಬಿನ ಅಂಚೂ ಓರೆಯಾಗಿ ಬರುತ್ತೆ, ಅದನ್ನ ಚಿಕ್ಕ ಮುಖದ ತನಕ ಮತ್ತೆ ಒಂದೊಂದಾಗಿ ಸಮ ಮಾಡ್ಬೇಕು, ಅಂದ್ರೆ ತಿರುಗಿ ಅದೇ ಒಂದೊಂದರ ಕಥೆ. ಐದನೇದಕ್ಕೆ ನಿಲ್ಸಿ ಎದ್ದು ಬಂದಿದೀನಿ, ಉಳಿದಿದ್ದು ಮೇಜಿನ ಮೇಲೇ ಇದೆ.