ಟಿಪ್ ಕೊಡುವುದಕ್ಕೆ ಬಾಯಿ ಬಿಡಲೇಬೇಕು ಅಂತಿಲ್ಲ

ಹಣಕಾಸು ಕಂಪನಿಯೊಂದರ ಕಂಪ್ಲಯನ್ಸ್ ವಿಭಾಗದಲ್ಲಿ, ಅಂದರೆ ಎಲ್ಲರೂ ನಿಯಮ ಪಾಲಿಸುತ್ತಿದ್ದಾರಾ ಅಂತ ನೋಡುವ ಕಡೆ, ನನ್ನ ಕೆಲಸ. ನಮ್ಮ ಸಿಬ್ಬಂದಿ ಸ್ವಂತ ದುಡ್ಡಿನಲ್ಲಿ ಷೇರು ಕೊಳ್ಳಬೇಕಾದರೂ ಮಾರಬೇಕಾದರೂ ಮೊದಲು ನಮಗೆ ಅರ್ಜಿ ಹಾಕಬೇಕು. ಇದಕ್ಕೆ ಪ್ರೀ-ಕ್ಲಿಯರೆನ್ಸ್ ಅನ್ನುತ್ತಾರೆ. ನಾವು ‘ಆಗಬಹುದು’ ಎನ್ನುತ್ತೇವೆ, ಇಲ್ಲವೇ ‘ಒಪ್ಪಿಗೆ ಇಲ್ಲ’ ಎನ್ನುತ್ತೇವೆ. ಯಾಕೆ ಇಲ್ಲ ಅಂತ ಮಾತ್ರ ಹೇಳುವುದಿಲ್ಲ.

ಇದರಿಂದ ಜನರಿಗೆ ಸಿಟ್ಟು ಬರುತ್ತದೆ. ಮಗಳ ಫೀಸ್ ಕಟ್ಟಬೇಕು, ಅದಕ್ಕೆ ಷೇರು ಮಾರುತ್ತಿದ್ದೇನೆ, ತಡೆಯುವುದಾದರೆ ಕಾರಣವಾದರೂ ಹೇಳಿ ಅಂತ ಫೋನ್ ಮಾಡುತ್ತಾರೆ. ಅವರ ಕಷ್ಟ ನಿಜ. ಆದರೂ ನಾನು ಹೇಳುವಂತಿಲ್ಲ. ಇನ್‌ಸೈಡರ್ ಟ್ರೇಡಿಂಗ್ ಬಗ್ಗೆ ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಈ ‘ಕಾರಣ ಹೇಳಬಾರದು’ ಅನ್ನುವುದರ ಸುತ್ತಲೇ ಇದೆ.

ಕಂಪನಿಯ ಬಗ್ಗೆ ಇನ್ನೂ ಹೊರಗೆ ಬಾರದ ಸುದ್ದಿ, ಬಂದರೆ ಷೇರಿನ ಬೆಲೆ ಏರುಪೇರಾಗುವಂಥ ಸುದ್ದಿ. ಅದನ್ನು ಇಟ್ಟುಕೊಂಡು ವಹಿವಾಟು ಮಾಡುವುದು ಇನ್‌ಸೈಡರ್ ಟ್ರೇಡಿಂಗ್, ಇನ್ನೊಬ್ಬರಿಗೆ ದಾಟಿಸುವುದು ಟಿಪ್ ಕೊಡುವುದು. ಎರಡನ್ನೂ ಮಾಡಬಾರದು. ಹೆಚ್ಚುಕಡಿಮೆ ಎಲ್ಲ ದೇಶಗಳ ಕಾನೂನೂ ಇದನ್ನೇ ಹೇಳುತ್ತದೆ. ಭಾರತದಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2015ರ ನಿಯಮಗಳಿವೆ. ಅಂಥ ಸುದ್ದಿಗೆ ಕಚೇರಿಗಳಲ್ಲಿ ಯುಪಿಎಸ್‌ಐ ಅಂತಲೇ ಹೆಸರು. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಆಗುವವರೆಗೆ ಕಂಪನಿಯ ಒಳಗಿನವರಿಗೆ ಟ್ರೇಡಿಂಗ್ ವಿಂಡೋ, ಅಂದರೆ ಅದರ ಷೇರು ಕೊಂಡು ಮಾರುವ ಅವಕಾಶ, ಮುಚ್ಚಿರುತ್ತದೆ. ವಿಂಡೋ ತೆರೆದ ಮೇಲೂ ಒಪ್ಪಿಗೆ ಬೇಕು. ಸಿಕ್ಕ ಒಪ್ಪಿಗೆ ಏಳು ವಹಿವಾಟು ದಿನ ಮೀರಿದರೆ ನಡೆಯುವುದಿಲ್ಲ. ಕೊಂಡವರು ಆರು ತಿಂಗಳೊಳಗೆ ಮಾರುವಂತಿಲ್ಲ. ಈ ಲೆಕ್ಕಗಳನ್ನೆಲ್ಲ ಹೊಸಬರು ತರಬೇತಿಯ ಮೊದಲ ದಿನವೇ ಕಲಿಯುತ್ತಾರೆ. ಕಷ್ಟ ಬರುವುದು ಬೇರೆ ಕಡೆ.

ನಮ್ಮ ಬಳಿ ಎರಡು ಪಟ್ಟಿಗಳಿರುತ್ತವೆ. ಒಂದು ರಿಸ್ಟ್ರಿಕ್ಟೆಡ್ ಲಿಸ್ಟ್. ಇದರಲ್ಲಿರುವ ಕಂಪನಿಗಳ ಷೇರನ್ನು ಸಿಬ್ಬಂದಿ ಮುಟ್ಟುವಂತಿಲ್ಲ. ಇನ್ನೊಂದು ವಾಚ್ ಲಿಸ್ಟ್. ಇದು ಕಂಪ್ಲಯನ್ಸ್‌ನ ಕೆಲವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಕಂಪನಿಗಳ ಖರೀದಿ, ವಿಲೀನದಂಥ ವ್ಯವಹಾರ ನೋಡುವ ನಮ್ಮ ಡೀಲ್ ತಂಡ ಯಾವುದೋ ಕಂಪನಿಯ ಜೊತೆ ಗುಟ್ಟಾಗಿ ಮಾತುಕತೆ ಶುರು ಮಾಡಿದೆ ಅಂದರೆ ಆ ಹೆಸರು ಅವತ್ತೇ ವಾಚ್ ಲಿಸ್ಟ್ ಸೇರುತ್ತದೆ. ಆಮೇಲೆ ಆ ಷೇರಿನಲ್ಲಿ ನಮ್ಮವರು ಯಾರು ಏನು ಮಾಡುತ್ತಾರೆ ಅಂತ ಸದ್ದಿಲ್ಲದೆ ನೋಡುತ್ತಿರುತ್ತೇವೆ.

ಈಗ ಯೋಚಿಸಿ. ಡೀಲ್ ಬಗ್ಗೆ ಏನೂ ತಿಳಿಯದ, ಬೇರೆ ಮಹಡಿಯಲ್ಲಿ ಕೂರುವ ಒಬ್ಬರು ಅದೇ ಕಂಪನಿಯ ಷೇರು ಕೊಳ್ಳಲು ಅರ್ಜಿ ಹಾಕುತ್ತಾರೆ. ಕಂಪನಿ ವಾಚ್ ಲಿಸ್ಟ್‌ನಲ್ಲಿದೆ. ಬೇಡ ಅಂದರೆ ಅವರು ಬುದ್ಧಿವಂತರು, ಕಳೆದ ತಿಂಗಳು ಆಗಬಹುದು ಅಂದವರು ಈಗ ಯಾಕೆ ಬೇಡ ಅನ್ನುತ್ತಿದ್ದಾರೆ ಅಂತ ಲೆಕ್ಕ ಹಾಕುತ್ತಾರೆ. ನನ್ನ ‘ಇಲ್ಲ’ವೇ ಅವರಿಗೆ ಸುದ್ದಿಯಾಯಿತು. ಆಗಲಿ ಅಂದರೆ, ಮುಂದೆ ಡೀಲ್ ಪ್ರಕಟವಾದಾಗ ನಮ್ಮ ಸಿಬ್ಬಂದಿಯೇ ಮೊದಲೇ ಕೊಂಡಿದ್ದರು ಅಂತ ಕಾಗದದಲ್ಲಿ ಕಾಣುತ್ತದೆ. ನಾನು ಈ ಕೆಲಸಕ್ಕೆ ಸೇರಿದಾಗ ಅನುಮಾನ ಬಂದರೆ ತಡೆ ಅನ್ನುವುದೇ ಸುರಕ್ಷಿತ ಅಂದುಕೊಂಡಿದ್ದೆ. ನನ್ನ ಹಿರಿಯರು ಹಾಗೆ ಮಾಡಲಿಲ್ಲ. ಅವರು ಮೊದಲು ನೋಡುತ್ತಿದ್ದದ್ದು ಅರ್ಜಿ ಹಾಕಿದವರು ಗೋಡೆಯ ಯಾವ ಕಡೆ ಇದ್ದಾರೆ ಅಂತ. ಗೋಡೆ ಅಂದರೆ ಡೀಲ್‌ನ ಸುದ್ದಿ ಉಳಿದವರಿಗೆ ಹೋಗದಂತೆ ತಡೆಯುವ ವ್ಯವಸ್ಥೆ. ಡೀಲ್ ತಂಡದ ಜೊತೆ ಅವರಿಗೆ ಸಂಪರ್ಕ ಇದೆಯಾ, ಆ ಫೋಲ್ಡರ್ ತೆರೆಯುವ ಅನುಮತಿ ಇದೆಯಾ, ಹಿಂದೆಯೂ ಈ ಷೇರು ಕೊಳ್ಳುತ್ತಿದ್ದವರಾ. ಎಲ್ಲ ಸರಿಯಿದ್ದರೆ ಒಪ್ಪಿಗೆ ಕೊಟ್ಟು, ಯಾವ ಆಧಾರದ ಮೇಲೆ ಕೊಟ್ಟೆವು ಅಂತ ಆ ಹೊತ್ತೇ ಬರೆದಿಡುತ್ತಿದ್ದರು. ಆ ಟಿಪ್ಪಣಿ ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ಯಾರಾದರೂ ಕೇಳಿದಾಗ ನಮ್ಮ ಮಾತನ್ನು ಯಾರು ನಂಬುತ್ತಾರೆ?

ತಿರಸ್ಕರಿಸಬೇಕಾದ ಅರ್ಜಿಗಳಿಗೆ ನಾವು ಕಳಿಸುವ ಪತ್ರ ಒಂದೇ ಥರ. ವಿಂಡೋ ಮುಚ್ಚಿದ್ದಕ್ಕೂ ಅದೇ ಸಾಲು, ಆರು ತಿಂಗಳು ಆಗದ್ದಕ್ಕೂ ಅದೇ ಸಾಲು, ಡೀಲ್ ಇರುವುದಕ್ಕೂ ಅದೇ ಸಾಲು. ಸುಲಭದ ಕಾರಣಗಳನ್ನು ಹೇಳಿ, ಕಷ್ಟದ ಕಾರಣಕ್ಕೆ ಮಾತ್ರ ಸುಮ್ಮನಾದರೆ ಆ ಮೌನವೇ ಎಲ್ಲ ಹೇಳಿಬಿಡುತ್ತದೆ. ಮಗಳ ಫೀಸ್ ಕಟ್ಟಬೇಕಾದವರಿಗೂ ನಾನು ಹಾಗೇ ಉತ್ತರಿಸಬೇಕಾಗುತ್ತದೆ. ಅದು ನನಗೆ ಯಾವತ್ತೂ ಹಗುರವಾಗಿಲ್ಲ.

ಇದು ಅತಿ ಅಲ್ವಾ ಅಂತ ಕೇಳುವವರಿಗೆ ನಾನು ಅಮೆರಿಕದ ಪ್ರಸಿದ್ಧ ಟಿವಿ ನಿರೂಪಕಿ, ಉದ್ಯಮಿ ಮಾರ್ಥಾ ಸ್ಟೀವರ್ಟ್ ಅವರ ಪ್ರಕರಣ ಹೇಳುತ್ತೇನೆ. 2001ರ ಡಿಸೆಂಬರ್ 27ರಂದು ಅವರು ಇಮ್‌ಕ್ಲೋನ್ ಅನ್ನುವ ಔಷಧ ಕಂಪನಿಯ 3,928 ಷೇರು ಮಾರಿದರು. ಆ ಕಂಪನಿಯ ಕ್ಯಾನ್ಸರ್ ಔಷಧದ ಅರ್ಜಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತೆಗೆದುಕೊಳ್ಳಲು ಒಪ್ಪಲಿಲ್ಲ ಅನ್ನುವ ಸುದ್ದಿ ಹೊರಬಂದದ್ದು ಮರುದಿನ. ಸುಮಾರು 45,000 ಡಾಲರ್ ನಷ್ಟ ತಪ್ಪಿತು. ಅವರಿಗೆ ಬ್ರೋಕರ್ ಕಚೇರಿಯಿಂದ ಸಿಕ್ಕಿದ ಮಾಹಿತಿ ಏನು ಗೊತ್ತಾ? ಎಫ್‌ಡಿಎ ವಿಷಯ ಅಲ್ಲ. ಕಂಪನಿಯ ಮುಖ್ಯಸ್ಥರು ತಮ್ಮ ಷೇರು ಮಾರಲು ಹೊರಟಿದ್ದಾರೆ ಅಂತ, ಅಷ್ಟೇ. ಔಷಧದ ಬಗ್ಗೆ ಒಂದು ಮಾತೂ ಬೇಕಾಗಲಿಲ್ಲ. ಬ್ರೋಕರ್ ಕಚೇರಿಯ ಒಬ್ಬ ಸಹಾಯಕ ಇನ್ನೊಬ್ಬ ಗ್ರಾಹಕರ ನಡೆಯನ್ನು ಹೇಳಿದ್ದೇ ಸಾಕಾಯಿತು. 2004ರಲ್ಲಿ ಸ್ಟೀವರ್ಟ್ ಅವರಿಗೆ ಶಿಕ್ಷೆಯಾದದ್ದು ತನಿಖೆಗೆ ಅಡ್ಡಿ ಮಾಡಿದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ. ಐದು ತಿಂಗಳು ಜೈಲಿನಲ್ಲಿದ್ದರು. ಈ ಎರಡನೆಯ ಭಾಗವನ್ನೂ ನಾನು ಒತ್ತಿ ಹೇಳುತ್ತೇನೆ. ತನಿಖೆಯವರು ಕೇಳಿದಾಗ ಕಥೆ ಕಟ್ಟುವವರು ತಮ್ಮ ಕಷ್ಟವನ್ನು ತಾವೇ ದೊಡ್ಡದು ಮಾಡಿಕೊಳ್ಳುತ್ತಾರೆ.

ಮನೆಯ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ನನ್ನ ಸಹೋದ್ಯೋಗಿಯೊಬ್ಬರ ಹೆಂಡತಿಯ ತಮ್ಮನಿಗೆ ಷೇರಿನ ಹುಚ್ಚು. ಭಾವ ಹಣಕಾಸು ಕಂಪನಿಯಲ್ಲಿದ್ದಾರೆ ಅಂದಮೇಲೆ ಕೇಳದೆ ಇರುತ್ತಾನಾ? ಸಿಕ್ಕಾಗಲೆಲ್ಲ ಯಾವುದಾದರೂ ಹೆಸರು ತೆಗೆಯುತ್ತಿದ್ದ. ಇವರೂ ಪೇಪರ್‌ನಲ್ಲಿ ಓದಿದ್ದು, ತಮಗೆ ಅನಿಸಿದ್ದು ಧಾರಾಳವಾಗಿ ಮಾತಾಡುತ್ತಿದ್ದರು. ಒಂದು ಸಲ ಅವನು ಕೇಳಿದ್ದು ಇವರ ತಂಡ ಗುಟ್ಟಾಗಿ ಡೀಲ್ ಮಾಡುತ್ತಿದ್ದ ಕಂಪನಿಯ ಹೆಸರು.

“ಭಾವ, ಅದು ಹೇಗಿದೆ? ತಗೊಳ್ಳಲಾ?”

“ಅದರ ಬಗ್ಗೆ ನನ್ನ ಕೇಳಬೇಡಪ್ಪ. ಬೇರೆ ಮಾತಾಡು.”

ಇವರು ತಮ್ಮ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡಿದ್ದರು. ಅವನು ಮರುದಿನ ಹೋಗಿ ಕೊಂಡ.

ಡೀಲ್ ಪ್ರಕಟವಾದ ಮೇಲೆ ಏನಾಗುತ್ತದೆ ಅಂತ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಸುದ್ದಿಗೆ ಮುಂಚಿನ ದಿನಗಳಲ್ಲಿ ಯಾವ ಖಾತೆಗಳು ಆ ಷೇರನ್ನು ಎಂದಿಗಿಂತ ಜಾಸ್ತಿ ಕೊಂಡವು ಅಂತ ಎಕ್ಸ್‌ಚೇಂಜಿನವರು ನೋಡುತ್ತಾರೆ. ಆಮೇಲೆ ಡೀಲ್‌ನಲ್ಲಿದ್ದ ಕಂಪನಿ, ಬ್ಯಾಂಕರ್, ವಕೀಲರು, ಆಡಿಟರ್ ಎಲ್ಲರಿಗೂ ಪತ್ರ ಬರುತ್ತದೆ. ಯಾರಿಗೆ ಯಾವ ದಿನ ವಿಷಯ ತಿಳಿಯಿತು ಅಂತ ಪಟ್ಟಿ ಕೊಡಿ ಎನ್ನುತ್ತಾರೆ. ಜೊತೆಗೆ ಷೇರು ಕೊಂಡವರ ಹೆಸರುಗಳ ಪಟ್ಟಿಯನ್ನೂ ಕಳಿಸಬಹುದು. ಇವರಲ್ಲಿ ಯಾರಾದರೂ ನಿಮಗೆ ಪರಿಚಯವಾ, ಬರೆದು ತಿಳಿಸಿ. ಆ ಪಟ್ಟಿಯನ್ನು ತಂಡದ ಪ್ರತಿಯೊಬ್ಬರ ಮುಂದೆ ಇಟ್ಟು ಸಹಿ ಮಾಡಿಸಿಕೊಳ್ಳುವುದು ನಮ್ಮ ಕೆಲಸ.

ನನ್ನ ಸಹೋದ್ಯೋಗಿ ಆ ಪಟ್ಟಿಯಲ್ಲಿ ತಮ್ಮ ಮೈದುನನ ಹೆಸರು ನೋಡಿದರು. ಆ ಹೊತ್ತಿನಲ್ಲಿ ‘ಗೊತ್ತಿಲ್ಲ’ ಅಂತ ಬರೆಯುವ ಆಸೆ ಯಾರಿಗಾದರೂ ಬರಬಹುದು. ಅವರು ‘ನನ್ನ ಹೆಂಡತಿಯ ತಮ್ಮ’ ಅಂತ ಬರೆದರು. ಆ ದಿನದ ಮಾತನ್ನೂ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟರು. ನನಗೆ ಅವರ ಮೇಲೆ ಇವತ್ತಿಗೂ ಗೌರವ ಇರುವುದು ಅದಕ್ಕೇ. ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಅವರ ಮೇಲೆ ಕ್ರಮ ಏನೂ ಆಗಲಿಲ್ಲ. ಆದರೆ ಅಷ್ಟರೊಳಗೆ ಅವರನ್ನು ತಂಡದಿಂದ ಹೊರಗಿಟ್ಟಾಗಿತ್ತು. ಮನೆಯಲ್ಲಿ ಅಕ್ಕ ತಮ್ಮ ಮಾತು ಬಿಟ್ಟಿದ್ದರು.

ಅವರ ಉತ್ತರದಲ್ಲಿ ತಪ್ಪೇನಿತ್ತು? ಆ ಮಾತಿನಲ್ಲಿ ತಪ್ಪಿರಲಿಲ್ಲ. ಉಳಿದ ದಿನಗಳಲ್ಲಿ ಧಾರಾಳವಾಗಿ ಮಾತಾಡುತ್ತಿದ್ದರಲ್ಲ, ತೊಂದರೆ ತಂದದ್ದು ಅದು. ನೂರು ಕಂಪನಿಗಳ ಬಗ್ಗೆ ಹರಟಿ, ನೂರಾ ಒಂದನೆಯದಕ್ಕೆ ಮಾತ್ರ ಬಾಯಿ ಮುಚ್ಚಿದರೆ ಕೇಳುವವನಿಗೆ ಅಷ್ಟು ಸಾಕು. ಹಾಗಾಗಿ ಹೊಸದಾಗಿ ಸೇರಿದವರಿಗೆ ನಾನು ಹೇಳುವುದು, ಏನೂ ಗೊತ್ತಿಲ್ಲದ ದಿನವೇ ‘ನಾನು ಯಾವ ಷೇರಿನ ಬಗ್ಗೆಯೂ ಮಾತಾಡುವುದಿಲ್ಲ, ನಮ್ಮ ಕೆಲಸದ ನಿಯಮ’ ಅಂತ ಮನೆಯಲ್ಲಿ ಹೇಳಿಬಿಡಿ. ಒಳ್ಳೆಯದಕ್ಕೂ ಅದೇ ಉತ್ತರ, ಕೆಟ್ಟದ್ದಕ್ಕೂ ಅದೇ, ಗೊತ್ತಿಲ್ಲದ್ದಕ್ಕೂ ಅದೇ. ನಾಲ್ಕು ದಿನ ಜಂಬ ಅನ್ನುತ್ತಾರೆ. ಆಮೇಲೆ ಕೇಳುವುದನ್ನು ಬಿಡುತ್ತಾರೆ.

ಸುದ್ದಿ ಸೋರುವುದು ದುಡ್ಡಿನಾಸೆಯಿಂದಲೇ ಅಂತ ಬಹಳ ಜನ ತಿಳಿದಿದ್ದಾರೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ಸೋರುವುದು ಸ್ನೇಹದಲ್ಲಿ, ಒಬ್ಬರಿಗೆ ಉಪಕಾರ ಮಾಡುವ ಆಸೆಯಲ್ಲಿ, ತನಗೂ ದೊಡ್ಡ ವಿಷಯ ಗೊತ್ತಿದೆ ಅಂತ ತೋರಿಸುವ ಹುಕಿಯಲ್ಲಿ. 2008ರ ಸೆಪ್ಟೆಂಬರ್ 23ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನ ನಿರ್ದೇಶಕರು ಫೋನಿನಲ್ಲೇ ಸಭೆ ಸೇರಿ, ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹಾಥವೇ ತಮ್ಮ ಬ್ಯಾಂಕಿನಲ್ಲಿ 500 ಕೋಟಿ ಡಾಲರ್ ಹಾಕುವುದಕ್ಕೆ ಒಪ್ಪಿದರು. ನಿರ್ದೇಶಕರಲ್ಲಿ ಒಬ್ಬರಾಗಿದ್ದ ರಜತ್ ಗುಪ್ತಾ ಸಭೆ ಮುಗಿದ ಒಂದು ನಿಮಿಷದೊಳಗೆ ಗ್ಯಾಲಿಯನ್ ಫಂಡಿನ ರಾಜ್ ರಾಜರತ್ನಂ ಅವರಿಗೆ ಫೋನ್ ಮಾಡಿದರು. ಮಾರುಕಟ್ಟೆ ಮುಚ್ಚಲು ಕೆಲವೇ ನಿಮಿಷ ಉಳಿದಿತ್ತು. ಅಷ್ಟರಲ್ಲಿ ಗ್ಯಾಲಿಯನ್ ಫಂಡು ಗೋಲ್ಡ್‌ಮನ್ ಷೇರು ಕೊಂಡಿತು. ಗುಪ್ತಾ ಅವರು ತಾವು ಒಂದು ಷೇರನ್ನೂ ಕೊಳ್ಳಲಿಲ್ಲ. ಆದರೂ 2012ರಲ್ಲಿ ಅವರಿಗೆ ಎರಡು ವರ್ಷ ಜೈಲು, 50 ಲಕ್ಷ ಡಾಲರ್ ದಂಡ ಆಯಿತು. ರಾಜರತ್ನಂ ಅವರಿಗೆ ಅದಕ್ಕೂ ಮುಂಚೆ, 2011ರಲ್ಲಿ, 11 ವರ್ಷ ಆಗಿತ್ತು. ಗುಪ್ತಾ ಅವರಿಗೆ ಸಂಪಾದನೆಗೆ ಕೊರತೆ ಇರಲಿಲ್ಲ, ಹೆಸರಿಗೂ ಇರಲಿಲ್ಲ. ತರಬೇತಿಯಲ್ಲಿ ಈ ಪ್ರಕರಣ ಹೇಳುವಾಗ ಎದುರಿಗೆ ಕೂತವರಲ್ಲಿ ಹಿರಿಯ ಅಧಿಕಾರಿಗಳ ಮುಖವನ್ನು ನಾನು ಗಮನಿಸುತ್ತೇನೆ. ನಿಯಮ ಕೆಳಗಿನವರಿಗೆ ಅಂದುಕೊಂಡವರು ಅವರಲ್ಲೇ ಜಾಸ್ತಿ.

ಗುಟ್ಟು ಇಟ್ಟುಕೊಳ್ಳುವುದೇ ಮೋಸ ಅನ್ನುವವರೂ ಇದ್ದಾರೆ. ಅದು ಸರಿಯಲ್ಲ. 1963ರ ನವೆಂಬರ್‌ನಲ್ಲಿ ಟೆಕ್ಸಾಸ್ ಗಲ್ಫ್ ಸಲ್ಫರ್ ಕಂಪನಿ ಕೆನಡಾದ ಟಿಮಿನ್ಸ್ ಹತ್ತಿರ ನೆಲ ಕೊರೆದಾಗ ತಾಮ್ರ, ಸತುವಿನ ಭಾರಿ ಅದಿರು ಸಿಕ್ಕಿತು. ಸುತ್ತಲಿನ ಜಮೀನು ಕೊಳ್ಳುವವರೆಗೆ ಕಂಪನಿ ಸುದ್ದಿಯನ್ನು ಮುಚ್ಚಿಟ್ಟಿತು. ವ್ಯಾಪಾರದಲ್ಲಿ ಅಷ್ಟು ಗುಟ್ಟು ಬೇಕಾಗುತ್ತದೆ, ನ್ಯಾಯಾಲಯವೂ ಅದನ್ನು ತಪ್ಪು ಅನ್ನಲಿಲ್ಲ. ಆದರೆ 1964ರ ಏಪ್ರಿಲ್‌ನಲ್ಲಿ ಸುದ್ದಿ ಹೊರಬರುವ ಮುಂಚೆ ಕಂಪನಿಯ ಒಳಗಿನವರು ಷೇರು ಕೊಂಡಿದ್ದರು. ಒಂದೋ ಸುದ್ದಿ ಹೊರಗೆ ಹೇಳಿ, ಇಲ್ಲವೇ ಷೇರು ಮುಟ್ಟಬೇಡಿ ಅಂತ 1968ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿತು. ನಮ್ಮ ಕೆಲಸ ಇವತ್ತಿಗೂ ನಿಂತಿರುವುದು ಈ ಎರಡರ ಮೇಲೆ.

ಇದರಲ್ಲಿ ಯಾರಿಗೆ ನಷ್ಟ, ಮಾರುವವನು ಹೇಗೂ ಮಾರುತ್ತಿದ್ದ ಅಲ್ವಾ ಅಂತ ವಾದಿಸುವವರು ನಮ್ಮ ಉದ್ಯಮದಲ್ಲೇ ಸಿಗುತ್ತಾರೆ. ಈ ವಾದ ಕೇಳಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಎದುರಿಗೆ ಕೂತವನ ಕೈಯಲ್ಲಿರುವ ಎಲೆ ನೋಡಿಕೊಂಡೇ ಇಸ್ಪೀಟು ಆಡಿದ ಹಾಗೆ ಅದು. ಒಂದು ಆಟದಲ್ಲಿ ಅವನಿಗೆ ಎಷ್ಟು ಹೋಯಿತು ಅಂತ ಲೆಕ್ಕ ಹಾಕಿ ಪ್ರಯೋಜನ ಇಲ್ಲ, ವಿಷಯ ಗೊತ್ತಾದ ದಿನ ಅವನು ಮೇಜು ಬಿಟ್ಟು ಎದ್ದು ಹೋಗುತ್ತಾನೆ. ಸಂಬಳದಲ್ಲಿ ಉಳಿಸಿ ಷೇರಿಗೆ ಹಾಕುವವರು ಹಾಗೆ ಎದ್ದು ಹೋದರೆ ಕಂಪನಿಗಳು ಬಂಡವಾಳಕ್ಕೆ ಯಾರ ಬಾಗಿಲಿಗೆ ಹೋಗಬೇಕು?

ಕಚೇರಿಯ ಒಳಗಿನ ಸಣ್ಣ ಅಭ್ಯಾಸಗಳ ಬಗ್ಗೆಯೂ ಒಂದೆರಡು ಮಾತು. ಡೀಲ್‌ಗಳಿಗೆ ನಾವು ಗುಪ್ತನಾಮ ಇಡುತ್ತೇವೆ. ಆ ಹೆಸರು ಕಂಪನಿಯ ಮೊದಲ ಅಕ್ಷರವನ್ನೋ ಉದ್ಯಮವನ್ನೋ ನೆನಪಿಸುವಂತಿದ್ದರೆ ನಾನು ಒಪ್ಪುವುದಿಲ್ಲ. ಇದು ಅತಿ ಜಾಗ್ರತೆ ಅನಿಸಿದರೆ ಕಿಯಾರೆಲ್ಲಾ ಪ್ರಕರಣ ನೋಡಿ. ನ್ಯೂಯಾರ್ಕ್‌ನ ಮುದ್ರಣಾಲಯವೊಂದರ ಕೆಲಸಗಾರ. ಕಂಪನಿಗಳನ್ನು ಕೊಳ್ಳುವ ಪ್ರಸ್ತಾಪದ ಕಾಗದಗಳು ಅಚ್ಚಿಗೆ ಬರುವಾಗ ಹೆಸರಿನ ಜಾಗ ಖಾಲಿ ಇರುತ್ತಿತ್ತು. ಉಳಿದ ವಿವರಗಳಿಂದಲೇ ಅವನು ಕಂಪನಿ ಯಾವುದು ಅಂತ ಕಂಡುಹಿಡಿದು 30,000 ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಲಾಭ ಮಾಡಿದ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ರದ್ದು ಮಾಡಿತು. ಷೇರು ಮಾರಿದವರ ಕಡೆಗೆ ಅವನಿಗೆ ಯಾವ ಹೊಣೆಯೂ ಇರಲಿಲ್ಲ ಅಂತ ಅದರ ಕಾರಣ. 1997ರ ಓಹೇಗನ್ ಪ್ರಕರಣದಲ್ಲಿ ಅದೇ ಕೋರ್ಟ್ ಬೇರೆ ಥರ ನೋಡಿತು. ಅಲ್ಲಿ ಒಬ್ಬ ವಕೀಲ ತಾನು ಕೆಲಸವನ್ನೇ ಮಾಡದ, ತನ್ನ ಸಂಸ್ಥೆ ಮಾತ್ರ ನೋಡಿಕೊಳ್ಳುತ್ತಿದ್ದ ಡೀಲ್‌ನ ಗುಟ್ಟು ಬಳಸಿ 43 ಲಕ್ಷ ಡಾಲರ್ ಮಾಡಿದ್ದ. ನಂಬಿ ಕೊಟ್ಟವರ ಮಾಹಿತಿಯನ್ನು ಕದ್ದು ಬಳಸುವುದೂ ಅಪರಾಧವೇ ಅಂತ ತೀರ್ಪಾಯಿತು. ಪ್ರಿಂಟರ್ ಮೇಲೆ ಕಾಗದ ಬಿಟ್ಟು ಬರುವವರನ್ನು, ಲಿಫ್ಟ್‌ನಲ್ಲಿ ಡೀಲ್ ಮಾತಾಡುವವರನ್ನು ನಾನು ಕರೆದು ಹೇಳುವುದು ಈ ಎರಡು ಪ್ರಕರಣ ಗೊತ್ತಿರುವುದರಿಂದಲೇ.

ಇನ್ನು, ಬೇಡವೆಂದರೂ ಸುದ್ದಿ ಕಿವಿಗೆ ಬಿದ್ದರೆ? ಹೀಗಾಗುವುದು ಅಪರೂಪವೇನಲ್ಲ. ತಪ್ಪಿ ಬಂದ ಮೇಲ್, ಪಕ್ಕದ ಮೀಟಿಂಗ್ ಕೋಣೆಯ ಮಾತು, ಗ್ರಾಹಕರು ಊಟದ ಹೊತ್ತಿಗೆ ಬಾಯಿ ತಪ್ಪಿ ಹೇಳಿದ್ದು. ಕೇಳಿದ್ದು ನಿಮ್ಮ ತಪ್ಪಲ್ಲ. ಆ ಷೇರು ಮುಟ್ಟಬೇಡಿ, ಮ್ಯಾನೇಜರ್‌ಗೂ ವಿಷಯ ಹೇಳಬೇಡಿ, ಮೇಲ್ ಫಾರ್ವರ್ಡ್ ಮಾಡಬೇಡಿ. ನೇರ ಕಂಪ್ಲಯನ್ಸ್‌ಗೆ ಫೋನ್ ಮಾಡಿ, ಯಾವ ಕಂಪನಿ, ಯಾವಾಗ ಕೇಳಿದಿರಿ, ಯಾರಿಂದ, ಇಷ್ಟು ಹೇಳಿ. ನಿಮ್ಮ ಹೆಸರನ್ನು ದಿನ, ಸಮಯದ ಸಮೇತ ಪಟ್ಟಿಗೆ ಸೇರಿಸುತ್ತೇವೆ. ಹೆಸರು ಪಟ್ಟಿ ಸೇರಿತು ಅಂದರೆ ಆರೋಪ ಬಂತು ಅಂತ ಕೆಲವರು ಹೆದರುತ್ತಾರೆ. ಪಟ್ಟಿಯಲ್ಲಿರುವುದು ಯಾರಿಗೆ ಗೊತ್ತಿದೆ ಅನ್ನುವ ದಾಖಲೆ ಮಾತ್ರ. ಡೀಲ್ ಪ್ರಕಟವಾದ ಮೇಲೋ, ಕೈಬಿಟ್ಟು ಹೋದ ಮೇಲೋ ನಿಮಗೆ ಇನ್ನೊಂದು ಮೇಲ್ ಬರುತ್ತದೆ, ನಿರ್ಬಂಧ ಮುಗಿಯಿತು ಅಂತ. ಅದು ಬರುವವರೆಗೆ ಕಾಯಿರಿ, ಪೇಪರ್‌ನಲ್ಲಿ ಸುದ್ದಿ ಬಂತು ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ.